ಸೊರಬದ ಬಸ್ಸು ಹತ್ತಿದ ಕೂಣಿ

ಶಿಕಾರಿಪುರದಿಂದ ಸೊರಬಕ್ಕೆ ಹೊರಟಿದ್ದೆ. ನಡುದಾರಿಯಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬರು ನನ್ನ ಪಕ್ಕದಲ್ಲಿ, ನಮ್ಮಿಬ್ಬರ ನಡುವೆ ಒಂದು ಕೂಣಿ ಇಟ್ಟು ಕೂತರು. ಕೆರೆಬೇಟೆಯ ದಿನ ಊರಿಗೆ ಊರೇ ನೀರಿಗಿಳಿದು ಮೀನಿನ ಮೇಲೆ ಕವುಚಿ, ಮೇಲಿನ ಬಾಯಿಂದ ಕೈ ಹಾಕಿ ಹಿಡಿಯುವ ಬಿದಿರಿನ ಬುಟ್ಟಿ ಅದು. ಅದನ್ನು ಕಂಡು ಎಷ್ಟು ವರ್ಷವಾಗಿತ್ತೋ!

"ಇದ್ಕೂ ಲಗೇಜ್ ಟಿಕೆಟ್ ತಗಳ್ಳಿ ಅಮ್ಮಾ," ಎಂದ ಕಂಡಕ್ಟರ್.

"ಲಗೇಜಲ್ಲ ಮಾರಾಯ, ಇದು ಸಾಕ್ಷಿ."

ಮೀಸಲಾತಿ ಬಂದ ಮೇಲೆ ಗೆದ್ದ ಪಂಚಾಯ್ತಿ ಅಧ್ಯಕ್ಷೆಯಂತೆ. ಅವರೂರ ಕೆರೆಯ ಮೀನನ್ನು ಈಗ ಸರ್ಕಾರವೇ ಹರಾಜು ಹಾಕುತ್ತದೆ. ಗುತ್ತಿಗೆದಾರ ಬೇಟೆಯನ್ನೇ ನಿಲ್ಲಿಸಿದ್ದಾನೆ.

"ಮುಂಚೆ ಕೂಣಿಗಿಷ್ಟು ಅಂತ ಊರಿಗೇ ದುಡ್ಡು ಬರ್ತಿತ್ತು. ಈಗ ಏರಿ ರಿಪೇರಿ ನಮ್ದು, ಹರಾಜಿನ ದುಡ್ಡು ಅವರದ್ದು. ಇದೆಂತ ನ್ಯಾಯ? ಸೊರಬದ ಮೀನುಗಾರಿಕೆ ಆಫೀಸಿಗೆ ಹೋಗಿ ನಮ್ಮ ಪಾಲು ಕೇಳ್ತೀನಿ."

ಸಂತೆಯಿಂದ ಸಂತೆಗೆ ಬೆಲ್ಲ ಮಾರಿ ಮೇಲೆ ಬಂದವನು ನಾನು, ಸುಮ್ಮನಿರಲಾದೀತೆ? "ಬೆಲ್ಲ ಮಾರಿದವನ ಮಾತು ಕೇಳ್ರಿ ಅಕ್ಕಾರೆ, ಕಾಲುಪಾಲು ಬೇಕಿದ್ರೆ ಅರ್ಧ ಕೇಳ್ರಿ. ಜೊತೆಗೆ ವರ್ಷಕ್ಕೊಂದು ದಿನ ಬೇಟೆನೂ ಕೇಳ್ರಿ. ಸಾಹೇಬ್ರು ಮುಖ ಸಿಂಡರಿಸಿದ್ರೆ ಒಂದನ್ನ ಬಿಟ್ಟುಕೊಡ್ರಿ."

"ಯಾವ್ದು ಬಿಡ್ಲಿ?"

ಅಷ್ಟರಲ್ಲಿ ನನ್ನ ಕೈ ತಾನಾಗಿ ಕೂಣಿಯ ಮೇಲುಬಾಯಿಯೊಳಗೆ ಇಳಿದಿತ್ತು. ಚಿಕ್ಕವನಿದ್ದಾಗ ಕೆಸರಿನಲ್ಲಿ ಹೀಗೇ ತಡಕಾಡುತ್ತಿದ್ದೆ. ಬೆರಳಿಗೆ ಮೀನು ತಾಗಿದರೆ ಸಾಕು, ಏರಿಯ ಮೇಲಿದ್ದ ಅಪ್ಪನಿಗೆ ಕೇಳುವಂತೆ ಕೂಗುತ್ತಿದ್ದೆ.

"ದುಡ್ಡು ಬಿಡ್ರಿ," ಎಂದುಬಿಟ್ಟೆ. "ಆ ಒಂದು ದಿನ ಮಾತ್ರ ಬಿಡಬ್ಯಾಡ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಬೆಲ್ಲನೂ ಹಿಂಗೇ ಮಾರಿದ್ರಾ? ನಾನು ಎರಡೂ ಬಿಡಲ್ಲ."

ಹಾಗೆಂದು ಕೂಣಿಯನ್ನು ತಮ್ಮತ್ತ ಎಳೆದುಕೊಂಡರು. ನನ್ನ ಕೈ ಇನ್ನೂ ಅದರೊಳಗೇ ಇತ್ತು.