ಒಣಗಲು ಹಾಕಿದ ಚೀಲ

ಅಣ್ಣ ಹ್ಯೂಸ್ಟನ್‌ನ ಆಸ್ಪತ್ರೆಗೆ ಸೇರುವ ಹಿಂದಿನ ಶನಿವಾರ ಐದು ಗ್ಯಾಲನ್ ಬಿಯರ್ ಹುದುಗು ಬರಲು ಇಟ್ಟಿದ್ದ. ರಕ್ತದ ಕ್ಯಾನ್ಸರ್ ಎಂದು ಆಗ ಗೊತ್ತಿರಲಿಲ್ಲ. ಕೆಲಸದ ಸುಸ್ತು ಅಂದುಕೊಂಡಿದ್ದೆವು. ಹ್ಯೂಸ್ಟನ್‌ನಿಂದ ಮೂರು ಗಂಟೆ ದೂರದ ಫ್ಲೂಗರ್‌ವಿಲ್‌ನ ಬಾಡಿಗೆ ಮನೆಯಲ್ಲಿ ಇದ್ದದ್ದು ಅವನು, ನಾನು ಇಬ್ಬರೇ. ಸುದ್ದಿ ತಿಳಿದು ಅಮ್ಮ ಮೈಸೂರಿನಿಂದ ಬಂದರು. ಬಿಯರಿನ ಬಕೆಟ್ ಬಟ್ಟೆಯ ಕಪಾಟಿನಲ್ಲಿ ಮುಚ್ಚಿಕೊಂಡು ಹಾಗೆಯೇ ಕೂತಿತ್ತು.

ಮೂರನೆಯ ವಾರ ಅಣ್ಣ ಫೋನ್ ಮಾಡಿದ.

"ಹಾಪ್ಸ್ ಹಾಕ್ಬೇಕು ಕಣೇ. ಫ್ರೀಜರ್‌ನಲ್ಲಿದೆ."

"ನೀನು ಕುಡಿಯೋ ಹಾಗಿಲ್ವಲ್ಲ."

"ಕುಡಿಯಲ್ಲ. ಕೆಡಿಸ್ಬೇಡ, ಅಷ್ಟೇ. ಮೈಕ್ರೋಬಯಾಲಜಿ ಓದಿದೋಳು, ಒಂದು ಚೀಲ ಇಳಿಬಿಡೋಕೆ ಬರಲ್ವಾ?"

ಹಾಪ್ಸ್ ಎಂದರೆ ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು. ಒಣಗಿಸಿ ಗುಳಿಗೆ ಮಾಡಿ ಮಾರುತ್ತಾರೆ. ಪರಿಮಳಕ್ಕೆಂದು ಕೊನೆಯಲ್ಲಿ ಬಟ್ಟೆಯ ಚೀಲದಲ್ಲಿ ಕಟ್ಟಿ ಹಾಕುವುದನ್ನು ಕುದಿಸುವುದಿಲ್ಲ. ಹಾಗಾಗಿ ಆಗ ಬಿಯರಿಗೆ ತಾಗುವ ಚೀಲ, ಕತ್ತರಿ, ಕೈ ಎಲ್ಲವೂ ಶುದ್ಧವಾಗಿರಬೇಕು. ಒಳಗೆ ಹೋದದ್ದನ್ನು ಆಮೇಲೆ ಕೊಲ್ಲಲು ಬೆಂಕಿ ಇರುವುದಿಲ್ಲ.

ಅದೇ ವಾರ ಡಾಕ್ಟರ್ ಒಂದು ಮಾತು ಕೇಳಿದ್ದರು. ಅಣ್ಣನ ಬಿಳಿ ರಕ್ತಕಣಗಳು ಬಹುತೇಕ ಇಲ್ಲವಾಗಿದ್ದವು. ಸ್ವಲ್ಪ ಚೇತರಿಸಿಕೊಂಡ ಮೇಲೆ ಅವನನ್ನು ಮನೆಗೆ ಕರೆದುಕೊಂಡು ಹೋಗುತ್ತೀರಾ, ಅಥವಾ ಆಸ್ಪತ್ರೆಯ ಪಕ್ಕ ರೂಮು ಮಾಡಿ, ಅಲ್ಲಿಯ ಊಟವನ್ನೇ ಕೊಡಿಸುತ್ತೀರಾ? ಮನೆಯಾದರೆ ಸೋಂಕು ತಗಲದಂತೆ ನೋಡಿಕೊಳ್ಳಬೇಕು. "ಮನೆಗೇ," ಎಂದರು ಅಮ್ಮ. ನಾನು ಯೋಚಿಸಿ ಹೇಳುತ್ತೇನೆ ಎಂದೆ. ಬಿಯರ್ ಕೆಡದಿದ್ದರೆ ಮನೆಗೆ ಕರೆತರುವುದು ಎಂದು ನನ್ನಷ್ಟಕ್ಕೆ ನಿರ್ಧರಿಸಿಕೊಂಡೆ. ಯಾರಿಗೂ ಹೇಳಲಿಲ್ಲ.

ಚೀಲವನ್ನು ಇಪ್ಪತ್ತು ನಿಮಿಷ ಕುದಿಸಿದೆ. ಒದ್ದೆ ಬಟ್ಟೆಗೆ ಹಾಪ್ಸ್ ಪುಡಿ ಮೆತ್ತಿಕೊಳ್ಳುತ್ತದೆ ಎಂದು ಒಣಗಿಸಲು ಹೊರಟಾಗ ಅಮ್ಮ ಕೈ ಅಡ್ಡ ಹಿಡಿದರು. "ಮುಟ್ಟಬೇಡ, ಮಡಿ ಹೋಗುತ್ತೆ." ಸೌಟಿನ ಹಿಡಿಯಿಂದ ಚೀಲವನ್ನು ಎತ್ತಿ, ಓವನ್ನಿನ ಮೇಲಿನ ಕಪಾಟಿನ ಹಿಡಿಗೆ ಹಾಕಿದರು. ಊರಲ್ಲಿ ಮಡಿಬಟ್ಟೆ ಒಣಹಾಕುತ್ತಿದ್ದದ್ದು ಹೀಗೆಯೇ, ಕೋಲಿನಿಂದ, ಯಾರ ಕೈಯೂ ತಾಗದಂತೆ. ನನಗೆ ಧೈರ್ಯ ಬಂತು. ಮರುದಿನ ಕತ್ತರಿಗೆ, ಕೈಗೆ ಸ್ಯಾನಿಟೈಸರ್ ಸಿಂಪಡಿಸಿದೆ. ಚೀಲಕ್ಕೆ ಸಿಂಪಡಿಸದೆ, ಹಾಪ್ಸ್ ತುಂಬಿ ಬಿಯರಿಗೆ ಇಳಿಬಿಟ್ಟೆ. ಅದು ಮಡಿಯಾಗಿತ್ತು.

ಎಂಟು ದಿನದ ನಂತರ ಮುಚ್ಚಳ ತೆಗೆದಾಗ ಬಿಯರಿನ ಮೇಲೆ ತೆಳುವಾದ ಬಿಳಿ ಪೊರೆ ಕಟ್ಟಿತ್ತು. ಹಾಪ್ಸ್ ಪರಿಮಳದ ಅಡಿಯಿಂದ ಹುಳಿ ವಾಸನೆ ಬರುತ್ತಿತ್ತು. ಹಿಂದೆ ನಿಂತಿದ್ದ ಅಮ್ಮ, "ನಮ್ಮ ಹಿಟ್ಟಿನ ವಾಸನೆ," ಎಂದರು.

ಏಸಿಯ ತಣ್ಣಗಿನ ಮನೆಯಲ್ಲಿ ದೋಸೆ ಹಿಟ್ಟು ಹುಳಿಯುವುದಿಲ್ಲವೆಂದು ಅವರು ಅದನ್ನು ಬೆಚ್ಚಗಾಗಲೆಂದು ಒಳಗಿನ ಬಲ್ಬ್ ಹಾಕಿದ ಓವನ್ನಿನೊಳಗೆ ಇಡುತ್ತಿದ್ದರು. ಚೀಲ ಒಣಗುತ್ತಿದ್ದ ದಿನ ಹಿಟ್ಟು ಉಕ್ಕಿತ್ತು. ಅಮ್ಮ ನೇತಾಡುವ ಚೀಲದ ಕೆಳಗೇ ಓವನ್ ತೆರೆದು ಒರೆಸಿದ್ದರು. ನಾನು ಅಲ್ಲೇ ನಿಂತು ನೋಡಿದ್ದೆ. ಕಾರಣ ಅದೇ ಎಂದು ಸಾಬೀತು ಮಾಡಲಾರೆ. ಬೆಂದ ದೋಸೆಯಿಂದ ಅಣ್ಣನಿಗೆ ಅಪಾಯವಿಲ್ಲ ಎಂಬುದೂ ಗೊತ್ತಿತ್ತು. ಹೋದದ್ದು ನನ್ನ ಮೇಲೆ ನನಗಿದ್ದ ನಂಬಿಕೆ. ಓದಿದ್ದೆಲ್ಲ ತಲೆಯಲ್ಲಿದ್ದೂ ಯಾರೂ ಮುಟ್ಟದ್ದನ್ನು ಶುದ್ಧ ಎಂದುಕೊಂಡಿದ್ದೆ.

ಅಣ್ಣನಿಗೆ ಫೋನಿನಲ್ಲಿ ಹೇಳಿದೆ.

"ದೋಸೆ ಬಿಯರ್ ಮಾಡಿದ್ಯಾ," ಎಂದ. ನಗಲು ಹೋಗಿ ಕೆಮ್ಮಿದ.

"ರೂಮು ಮಾಡ್ತೀನಿ ಅಣ್ಣ. ಮನೆ ಬೇಡ."

"ಅಮ್ಮಂಗೆ ನೀನೇ ಹೇಳು."

ಹೇಳಿದೆ. ಅಮ್ಮ ಬೆಂಡೆಕಾಯಿ ಹೆಚ್ಚುತ್ತಿದ್ದರು.

"ಅಂದ್ರೆ ನನ್ನ ಅಡುಗೆ ಮೈಲಿಗೆ."

"ಹಾಗಲ್ಲಮ್ಮ."

"ಮತ್ತೆ ಹೇಗೆ?"

ನನ್ನಲ್ಲಿ ಉತ್ತರವಿತ್ತು, ಪಠ್ಯಪುಸ್ತಕದ ಭಾಷೆಯಲ್ಲಿ. ಮಗನಿಗೆ ಒಂದು ತುತ್ತು ಬಡಿಸಬೇಕೆಂದೇ ಅವರು ಅಷ್ಟು ದೂರದಿಂದ ಬಂದದ್ದು.

ಬಕೆಟ್ಟನ್ನು ಸಿಂಕಿಗೆ ಬಗ್ಗಿಸಿದೆ. ಐದು ಗ್ಯಾಲನ್ ಖಾಲಿಯಾಗಲು ತುಂಬ ಹೊತ್ತು ಹಿಡಿಯಿತು. ಮುಗಿಯುವ ಹೊತ್ತಿಗೆ ಅಮ್ಮ ಹಿಟ್ಟು ತುಂಬಿದ್ದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತಿದ್ದರು.

"ಆ ಕಡೆ ಸರ್ಕೋ, ಇದೂ ಹೋಗ್ಲಿ," ಎಂದರು.