ಅಮ್ಮನಿಗಿಟ್ಟ ಎಡೆ

ನಾವು ಬ್ಲಫ್ ಎಂಬ ಊರಿನ ಕ್ವಾರ್ಟರ್ಸಿನಲ್ಲಿದ್ದ ಕಾಲದಲ್ಲಿ, ಪಿತೃಪಕ್ಷ ಬಂತೆಂದರೆ ಅಕ್ಕಪಕ್ಕದವರೆಲ್ಲ ತಮ್ಮ ತಮ್ಮ ಊರಿಗೆ ಹೊರಟುಬಿಡುತ್ತಿದ್ದರು. ನನಗೆ ಒಂಬತ್ತು ತುಂಬಿದ ವರ್ಷ ನಾನೊಬ್ಬಳೇ ಅಂಗಳದಲ್ಲಿ ಗೆರೆ ಎಳೆದು ಕುಂಟಬಿಲ್ಲೆ ಆಡುತ್ತಿದ್ದೆ. ಅಮ್ಮ ತೀರಿಕೊಂಡು ಏಳು ತಿಂಗಳಾಗಿತ್ತು.

ಅಪ್ಪ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. ದೇವರನ್ನು ನಂಬುತ್ತಿರಲಿಲ್ಲ. ಹಲಗೂರಿನಿಂದ ಬಂದಿದ್ದ ಅಮ್ಮನ ತಾಯಿ, ನಮ್ಮಜ್ಜಿ, ಬಸ್ಸಿಳಿದವಳೇ ಅಕ್ಕಿ ನೆನೆಹಾಕಿದಳು.

"ಎಡೆ ಇಕ್ಕದಿದ್ರೆ ನನ್ ಮಗ್ಳು ಅಸ್ಕಂಡಿರಾಕಿಲ್ವಾ ಅಳಿಮಯ್ಯ?"

"ಸತ್ತೋರಿಗೆ ಅಸಿವಿಲ್ಲ ಅತ್ತೆ. ಅವ್ಳು ಬತ್ತಾಳೆ ಅಂತ ಮಗೀಗೆ ಮಾತ್ರ ಏಳ್ಬ್ಯಾಡಿ. ಬಾಗ್ಲು ಕಾಯ್ತಾ ಕೂತ್ಕತದೆ."

"ದೇವ್ರೇ ಇಲ್ಲ ಅಂತೀಯ. ಮತ್ತೆ ಒಳ್ಳೇದು ಕೆಟ್ಟದ್ದು ಎಂಗಪ್ಪ ಕಲಿಸ್ತೀಯ ಇದ್ಕೆ?"

"ಸುಳ್ಳು ಏಳ್ಬಾರ್ದು ಅಂತ ಕಲಿಸ್ತೀನಿ."

"ಯಾರ ಭಯಕ್ಕೆ?"

"ಭಯಕ್ಕಲ್ಲ ಅತ್ತೆ. ಇನ್ನೊಬ್ರಿಗೆ ನೋವಾಯ್ತದೆ ಅಂತ."

ಅಜ್ಜಿ ಕಜ್ಜಾಯಕ್ಕೆ ಬೆಲ್ಲ ಕುಟ್ಟತೊಡಗಿದಳು. ಸ್ವಲ್ಪ ಹೊತ್ತಿಗೆ ಅಪ್ಪನೇ, "ನಾನು ಕೈ ಮುಗಿಯಾಕಿಲ್ಲ. ಬಾಳೆಎಲೆ ತಂದ್ಕೊಡ್ತೀನಿ" ಎಂದು ಎದ್ದುಹೋದರು.

ಅಮಾವಾಸ್ಯೆಯ ಮಧ್ಯಾಹ್ನ ಅಮ್ಮನ ಫೋಟೋದ ಮುಂದೆ ಎಲೆ ಹಾಸಿ ಅಜ್ಜಿ ಅನ್ನ, ಸಾರು, ವಡೆ, ಕಜ್ಜಾಯ ಬಡಿಸಿದಳು. ಸಾಂಬ್ರಾಣಿ ಹಾಕಿದಳು. ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಂದೆಳೆದು ಎಲ್ಲರೂ ಹೊರಗಿರಬೇಕು. ನಾನು ಮಾತ್ರ ಒಳಗೇ ಬಾಗಿಲ ಹಿಂದೆ ಉಳಿದುಕೊಂಡೆ. ಅಮ್ಮನನ್ನು ನೋಡಬೇಕಿತ್ತು.

ಹೊಗೆಗೆ ಕಣ್ಣು ಉರಿಯಿತು. ಸಾರಿನ ಮೇಲೆ ಕೆನೆಗಟ್ಟಿತು. ಯಾರೂ ಬರಲಿಲ್ಲ. ಹೊರಗೆ ಅಜ್ಜಿ ಕೆಮ್ಮುತ್ತ ಏಳುವ ಸದ್ದಾಯಿತು. ಯಾರೂ ಮುಟ್ಟದ ಎಲೆಯನ್ನು ಕಂಡರೆ ಅಜ್ಜಿಗೆ ಏನಾಗುವುದೋ ಎಂದು ಹೆದರಿ, ಓಡಿಹೋಗಿ ಕಜ್ಜಾಯವೊಂದನ್ನು ಅರ್ಧ ಮುರಿದು ಬಾಯಿಗೆ ತುರುಕಿಕೊಂಡೆ. ಅಜ್ಜಿ ಒಳಬಂದು ನೇರ ಎಲೆಯ ಹತ್ತಿರ ಹೋದಾಗ ಅವಳ ಬೆನ್ನ ಹಿಂದೆಯೇ ಹೊರಗೆ ಜಾರಿದೆ.

"ಬಂದಿದ್ಲು ಕಣಪ್ಪ" ಎಂದಳು ಅಜ್ಜಿ. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಅಪ್ಪ ಬಾಗಿಲಲ್ಲಿ ನಿಂತು ಎಲೆ ನೋಡಿದರು. ಆಮೇಲೆ ಎಣ್ಣೆಯಾಗಿದ್ದ ನನ್ನ ಬೆರಳು ನೋಡಿದರು. ಈಗ ಹೇಳಿಬಿಡುತ್ತಾರೆ ಎಂದುಕೊಂಡೆ.

"ಊಂ ಅತ್ತೆ" ಎಂದರು. "ಅವ್ಳಿಗೆ ಕಜ್ಜಾಯ ಅಂದ್ರೆ ಪ್ರಾಣ."

ನನ್ನನ್ನು ಹಿತ್ತಲ ನಲ್ಲಿಗೆ ಕರೆದೊಯ್ದು ಕೈ ತೊಳೆಸಿದರು. ಬೈಯಲಿಲ್ಲ. ತುಂಬ ಮೆಲ್ಲಗೆ, "ಒಳಗೇ ಇದ್ದಲ್ಲ ಮಗ, ಕಂಡ್ಲಾ?" ಎಂದು ಕೇಳಿದರು.

"ಇಲ್ಲ ಅಪ್ಪ."

ಅಪ್ಪ ನಲ್ಲಿ ನಿಲ್ಲಿಸುವುದನ್ನು ಮರೆತು ಹಾಗೇ ನಿಂತಿದ್ದರು.

ಈಗ ಮಂಡ್ಯದಲ್ಲಿದ್ದೇನೆ. ಅಪ್ಪ, ಅಜ್ಜಿ ಇಬ್ಬರೂ ಇಲ್ಲ. ನನ್ನ ಸುತ್ತ ನಂಬುವವರು ನಂಬುವವರ ಜೊತೆ, ನಂಬದವರು ನಂಬದವರ ಜೊತೆ ಮಾತಾಡಿ ಎದ್ದುಹೋಗುತ್ತಾರೆ. ದೇವರಿದ್ದಾನೋ ಇಲ್ಲವೋ ಎಂದು ದಿನವಿಡೀ ಜಗಳವಾಡಿ, ಆಮೇಲೆ ಒಬ್ಬರಿಗೊಬ್ಬರು ಬಡಿಸಿಕೊಂಡು ಉಣ್ಣುತ್ತಿದ್ದ ಅಂಥ ಇಬ್ಬರನ್ನು ನಾನು ಮತ್ತೆ ಕಾಣಲಿಲ್ಲ. ನಾನು ಯಾರ ಕಡೆ ಎಂಬುದು ನನಗೆ ಇವತ್ತಿಗೂ ತಿಳಿಯದು. ಕೇಳುವವರೂ ಉಳಿದಿಲ್ಲ.