ಅರ್ಧ ದಿನದ ಶಾಲೆ, ಇಬ್ಬರ ಎಲೆ

ನಬೀಸಾಳನ್ನು ಶಾಲೆ ಬಿಡಿಸಿದ್ದು ಅವಳ ತಾಯಿ ಎಂದು ಕಾವೂರಿನಲ್ಲಿ ಎಲ್ಲರೂ ಹೇಳಿದರು. ಸುಳ್ಳು. ಬಿಡಿಸಿದ್ದು ಶಾಲೆಯೇ. ಮಕ್ಕಳಿಗೆ ಯಾವುದು ಒಳ್ಳೆಯದು ಎಂದು ದೊಡ್ಡವರು ವಾದ ಮಾಡುತ್ತಿದ್ದಾಗ ಆ ಹುಡುಗಿ ಕೈತಪ್ಪಿ ಹೋದಳು. ವಾದ ಮುಗಿದ ಮೇಲೂ ಸಿಗಲಿಲ್ಲ.

ಅದು 1953ನೆಯ ಇಸವಿ. ನಮ್ಮ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ನಾನು ಕಾವೂರಿನ ಒಂದು ಎಲಿಮೆಂಟರಿ ಶಾಲೆಯಲ್ಲಿ ಆಯಾ ಆಗಿದ್ದೆ. ಗುಡಿಸುವುದು, ಕುಡಿಯುವ ನೀರು ತುಂಬಿಸುವುದು ಇದ್ದೇ ಇತ್ತು. ಆದರೆ ನನ್ನನ್ನು ಇಟ್ಟುಕೊಂಡದ್ದು ಹೆಣ್ಣುಮಕ್ಕಳನ್ನು ಮನೆಮನೆಯಿಂದ ಕರೆತರಲಿಕ್ಕೆ. ಬ್ಯಾರಿ ಮುಸ್ಲಿಮರ ಓಣಿಯಲ್ಲಿ ಒಬ್ಬ ಹೆಂಗಸು ಬಾಗಿಲಿಗೆ ಬಂದು ಕರೆದರೆ ಮಾತ್ರ ಹುಡುಗಿಯನ್ನು ಕಳಿಸುತ್ತಿದ್ದರು. ಸಂಜೆ ಅದೇ ಹೆಂಗಸು ತಿರುಗಿ ಬಾಗಿಲಿಗೆ ಮುಟ್ಟಿಸಬೇಕು. ನಾನು ಬಾರದ ದಿನ ಆ ಓಣಿಗೆ ಶಾಲೆ ಇಲ್ಲ, ಅಷ್ಟೇ.

ನಬೀಸಾ ನಾಲ್ಕನೆಯ ಕ್ಲಾಸು. ತಂದೆಗೆ ಬಂದರಿನಲ್ಲಿ ಮೂಟೆ ಹೊರುವ ಕೆಲಸ, ತಾಯಿ ಖತೀಜಮ್ಮ ಮನೆಯಲ್ಲೇ ಬೀಡಿ ಕಟ್ಟುತ್ತಿದ್ದಳು. ಹುಡುಗಿ ಐದು ಮುಗಿಸಿದರೆ ಪೇಟೆಯಲ್ಲಿ ಎಂಟರ ತನಕ ಓದಿಸುವುದು, ಆಮೇಲೆ ಟೀಚರ್ ಟ್ರೇನಿಂಗಿಗೆ ಕಳಿಸುವುದು ಎಂದು ನಮ್ಮ ಹೆಡ್‌ಮಾಸ್ತರರು ಆ ತಂದೆಯಿಂದ ಮಾತು ತೆಗೆದುಕೊಂಡಿದ್ದರು. ಅದುವರೆಗೆ ಆ ಓಣಿಯ ಒಬ್ಬ ಹುಡುಗಿಯೂ ಐದು ದಾಟಿರಲಿಲ್ಲ.

ಆ ವರ್ಷ ಸರಕಾರ ಹೊಸ ಯೋಜನೆ ತಂದಿತು. ಮಗುವಿಗೆ ಅರ್ಧ ದಿನ ಮಾತ್ರ ಶಾಲೆ, ಉಳಿದ ಹೊತ್ತು ಮನೆಯಲ್ಲಿ ತಂದೆತಾಯಿಯ ಕಸುಬು ಕಲಿಯಬೇಕು. ಅದೇ ಮಾಸ್ತರರು ಎರಡು ಪಾಳಿಯಲ್ಲಿ ಪಾಠ ಮಾಡಿದರೆ ಹೆಚ್ಚು ಮಕ್ಕಳು ಕಲಿಯುತ್ತಾರೆ ಎಂಬ ಲೆಕ್ಕಾಚಾರ. ಇದು ಹಳ್ಳಿಗಳಿಗೆ ಮಾತ್ರ, ಪೇಟೆಗಿಲ್ಲ. ಕಾವೂರು ಆಗ ಹಳ್ಳಿ. ಪೇಟೆಗೆ ಸೇರಿದ ಬಿಜೈಯ ಮಕ್ಕಳಿಗೆ ಇಡೀ ದಿನ, ನಮ್ಮವಕ್ಕೆ ಅರ್ಧ.

ಯೋಜನೆಯನ್ನು ವಿವರಿಸಲು ಒಬ್ಬ ಇನ್‌ಸ್ಪೆಕ್ಟರು ಬಂದರು. ಅದನ್ನು ವಿರೋಧಿಸಲು ಎದುರು ಪಕ್ಷದ ಮುಂದಾಳೊಬ್ಬರು ಬಂದರು. ಶಾಲೆಯ ಜಗಲಿಯಲ್ಲಿ ಸಭೆ. ಕೈಕೆಲಸ ಮಾಡುತ್ತಲೇ ಕಲಿಯುವುದು ಹೊಸ ವಿದ್ಯೆ, ಅಮೆರಿಕದಂಥ ದೇಶದ ಶಾಲೆಗಳಲ್ಲೂ ಹಾಗೆಯೇ ಮಾಡುತ್ತಾರೆ ಎಂದರು ಇನ್‌ಸ್ಪೆಕ್ಟರು. ಇದು ಜಾತಿಯ ಕಸುಬಿಗೇ ಮಕ್ಕಳನ್ನು ಕಟ್ಟಿಹಾಕುವ ಹುನ್ನಾರ ಎಂದು ಮುಂದಾಳು ಮೇಜು ಗುದ್ದಿದರು. ಅಮೆರಿಕದಲ್ಲಿ ಕರಿಯರ ಮಕ್ಕಳಿಗೆ ಬೇರೆ ಶಾಲೆ, ಬಿಳಿಯರಿಗೆ ಬೇರೆ, ಅದನ್ನೂ ತರುತ್ತೀರಾ ಎಂದು ಕೇಳಿದರು. ಹೀಗೆ ಇಬ್ಬರೂ ತುಂಬ ಹೊತ್ತು ಅಮೆರಿಕದಲ್ಲೇ ಇದ್ದರು. ನೀರು ಕೊಡುತ್ತಿದ್ದ ನನಗೆ ತಡೆಯಲಿಲ್ಲ.

“ಸ್ವಾಮೀ, ಅಮೆರಿಕದಲ್ಲಿ ಬೀಡಿ ಕಟ್ತಾರಾ?”

ಎಲ್ಲರೂ ನಕ್ಕರು. ಇನ್‌ಸ್ಪೆಕ್ಟರೂ ನಕ್ಕರು. “ನಿಮ್ಮ ಆಯಾ ಒಳ್ಳೆ ತಮಾಷೆ ಮಾಡ್ತಾಳೆ ಮಾರಾಯ್ರೆ” ಎಂದು ಹೆಡ್‌ಮಾಸ್ತರರಿಗೆ ಹೇಳಿದರು. ನಾನು ಮಾಡಿದ್ದು ತಮಾಷೆಯಲ್ಲ.

ದೊಡ್ಡ ಮಕ್ಕಳಿಗೆ ಮಧ್ಯಾಹ್ನದ ಪಾಳಿ ಬಂತು. ಬೀಡಿಯ ಮನೆಗಳಲ್ಲಿ ಬೆಳಿಗ್ಗೆ ನೆನೆಸಿದ ಎಲೆಯನ್ನು ಕತ್ತರಿಸುತ್ತಾರೆ, ಮಧ್ಯಾಹ್ನದ ಮೇಲೆ ಕಟ್ಟುತ್ತಾರೆ, ಸಂಜೆ ಎಲೆ, ತಂಬಾಕು ಕೊಟ್ಟ ಕಂಟ್ರಾಕ್ಟುದಾರನಿಗೆ ಒಪ್ಪಿಸುತ್ತಾರೆ. ನಬೀಸಾ ಮೊದಮೊದಲು ಬೆಳಿಗ್ಗೆ ಎಲೆ ಕತ್ತರಿಸಿ ಮಧ್ಯಾಹ್ನ ನನ್ನ ಜೊತೆ ಬರುತ್ತಿದ್ದಳು. ಬೆರಳಿಗೆಲ್ಲ ತಂಬಾಕಿನ ವಾಸನೆ. ಆಮೇಲೆ ಕಟ್ಟುವುದನ್ನೂ ಕಲಿತಳು. ಚುರುಕು ಹುಡುಗಿ. ಅದೇ ಅವಳಿಗೆ ಮುಳುವಾಯಿತು. ಕೆಲಸ ಬೇಗ ಮುಗಿಯುವುದನ್ನು ಕಂಡ ಕಂಟ್ರಾಕ್ಟುದಾರ ಆ ಮನೆಗೆ ಇಬ್ಬರ ಎಲೆ ಕೊಡಲು ಶುರುಮಾಡಿದ. ಒಮ್ಮೆ ಇಬ್ಬರ ಎಲೆ ತೆಗೆದುಕೊಂಡರೆ ದಿನಾ ಇಬ್ಬರ ಬೀಡಿ ಕೊಡಬೇಕು.

ಒಂದು ಮಧ್ಯಾಹ್ನ ನಾನು ಬಾಗಿಲಲ್ಲಿ ಕರೆದರೆ ಅವಳು ಏಳಲಿಲ್ಲ. ತೊಡೆಯ ಮೇಲೆ ಎಲೆ, ತಂಬಾಕು ಹರಡಿದ ಗೆರಸೆ ಇತ್ತು.

“ಇದೆಂತ ಖತೀಜಮ್ಮ, ಹುಡುಗಿಯನ್ನು ಕೂರಿಸಿಕೊಂಡಿದ್ದೀರಿ?”

“ನಿಮ್ಮ ಶಾಲೆಯವರೇ ಹೇಳಿದ್ದಲ್ವಾ ದೇವಕಿಯಕ್ಕ, ಮನೆಯ ಕಸುಬು ಕಲಿಸಿ ಅಂತ? ಈಗ ಕಲಿಸಿದ್ದು ತಪ್ಪಾಯ್ತಾ?”

ನಾನು ಹೆಡ್‌ಮಾಸ್ತರರನ್ನು ಕಾಡಿ ಅವಳನ್ನು ಬೆಳಗಿನ ಪಾಳಿಗೆ ಹಾಕಿಸಿದೆ. ಕೆಲವು ದಿನ ಬಂದಳು, ರಾತ್ರಿ ಕೂತು ಎಲೆ ಕತ್ತರಿಸಿ ಕ್ಲಾಸಿನಲ್ಲಿ ತೂಕಡಿಸಿದಳು. ನಂತರ ಬರಲಿಲ್ಲ. ಹೆಡ್‌ಮಾಸ್ತರರೇ ಬಂದರಿಗೆ ಹೋಗಿ ತಂದೆಯನ್ನು ಕಂಡರು. ಅವನು ತಲೆತಗ್ಗಿಸಿ “ನೋಡುವ ಮಾಸ್ಟ್ರೇ” ಎಂದನಂತೆ. ನಮ್ಮ ಕಡೆ ‘ನೋಡುವ’ ಎಂದರೆ ಆಗುವುದಿಲ್ಲ ಎಂದೇ.

ಮರುವರ್ಷ ಮದ್ರಾಸಿನಲ್ಲಿ ಮುಖ್ಯಮಂತ್ರಿ ಬದಲಾದರು, ಯೋಜನೆ ರದ್ದಾಯಿತು. ಆ ಎದುರು ಪಕ್ಷದವರು ಶಾಲೆಗೆ ಬಂದು ಕಲ್ಲುಸಕ್ಕರೆ ಹಂಚಿದರು. “ಗೆದ್ದೆವು ದೇವಕಿ! ಇನ್ನು ಇಡೀ ದಿನ ಶಾಲೆ. ಹೋಗಿ ನಬೀಸಾಳನ್ನು ಕರ್ಕೊಂಡು ಬಾ” ಎಂದರು ಹೆಡ್‌ಮಾಸ್ತರರು. ಅಷ್ಟು ಓದಿದ ಮನುಷ್ಯನಿಗೆ ಗೆದ್ದದ್ದು ಯಾರು ಎಂಬುದು ಹೊಳೆಯಲಿಲ್ಲ. ನಾನೂ ಓಡಿಕೊಂಡೇ ಹೋದೆ ಅನ್ನಿ.

ಖತೀಜಮ್ಮ ಚಾಪೆ ಹಾಕಿ ಕೂರಿಸಿದಳು. ಸಿಟ್ಟಾಗಲಿಲ್ಲ, ಅಳಲಿಲ್ಲ.

“ಈಗ ಒಬ್ಬಳ ಎಲೆ ಸಾಕು ಅಂದ್ರೆ ಆ ಕಂಟ್ರಾಕ್ಟುದಾರ ಇಬ್ಬರದ್ದೂ ನಿಲ್ಲಿಸ್ತಾನೆ ಅಕ್ಕ. ಎಲೆಗೆ ಕಾಯುವವರು ಬೇಕಾದಷ್ಟು ಜನ ಉಂಟು. ನಿಮ್ಮ ಸರಕಾರ ಅವನಿಗೂ ಒಂದು ಆರ್ಡರ್ ಕೊಟ್ಟಿದ್ಯಾ?”

ನಾನು ಇಲ್ಲ ಎಂದೆ. ಮೂಲೆಯಲ್ಲಿದ್ದ ನಬೀಸಾ ತಲೆಯೆತ್ತದೆ ಕೇಳಿದಳು: “ಆಯಮ್ಮ, ಐದನೆಯದಕ್ಕೆ ಹೊಸ ಪುಸ್ತಕ ಬಂತಾ?”

“ಬಂತು.”

“ಚಿತ್ರ ಉಂಟಾ?”

“ಉಂಟು.”

ಅವಳು ಬೀಡಿಯ ಬಾಯಿ ಮಡಚಿ, ನೂಲು ಸುತ್ತಿ, ಗೆರಸೆಗೆ ಹಾಕಿದಳು. ಇನ್ನೊಂದು ಎಲೆ ತೆಗೆದುಕೊಂಡಳು.

ಆಮೇಲೂ ಬಹಳ ವರ್ಷ ಅದೇ ಕೆಲಸ ಮಾಡಿದೆ. ಮದ್ರಾಸು ಹೋಗಿ ಮೈಸೂರು ಬಂತು, ಪಠ್ಯ ಬದಲಾಯಿತು, ಮಕ್ಕಳಿಗೆ ಏನು ಕಲಿಸಬೇಕು ಎಂಬ ಜಗಳ ನಿಲ್ಲಲಿಲ್ಲ. ಈಗಲೂ ಪೇಪರಿನಲ್ಲಿ ಅದೇ, ಅಮೆರಿಕದಲ್ಲೂ ಅದೇ ಅಂತೆ. ನನಗೆ ಆ ಕೆಲಸ ಕಲಿಸಿದ್ದು ಇಷ್ಟು: ಸರಕಾರ ತಾನು ಹೊರಡಿಸಿದ ಆರ್ಡರನ್ನು ವಾಪಸು ತೆಗೆದುಕೊಳ್ಳಬಹುದು, ಮಗುವನ್ನು ವಾಪಸು ತರಲು ಅದರ ಕೈಯಲ್ಲಿ ಆಗುವುದಿಲ್ಲ.

ನಬೀಸಾ ಆ ಪುಸ್ತಕ ಕೇಳಿದ ಮರುದಿನ ಬೆಳಿಗ್ಗೆ ಎಂದಿನಂತೆ ಆ ಓಣಿಗೆ ಹೋಗಿ ಉಳಿದ ಹುಡುಗಿಯರನ್ನು ಕರೆದುಕೊಂಡೆ. ಹೊಸ ಪುಸ್ತಕದ ಮೊದಲ ಪದ್ಯ ಹೇಳುತ್ತಾ ಕುಣಿದುಕೊಂಡು ಬರುತ್ತಿದ್ದರು. ಖತೀಜಮ್ಮನ ಮನೆ ಹತ್ತಿರವಾದಾಗ, ಅದನ್ನು ದಾಟುವ ತನಕ ಬಾಯಿ ಮುಚ್ಚಿಕೊಂಡು ನಡೆಯಿರಿ ಎಂದು ಗದರಿಸಿದೆ.